ಹಳೇ ಕಾರಿನ ಬ್ಯಾಟರಿ ಚಾರ್ಜ್ ಆಗುತ್ತಿಲ್ಲವೇ? ಆಲ್ಟರ್ನೇಟರ್ ಬಿಚ್ಚುವ ಮುಂಚೆ ವೋಲ್ಟ್ ಎಲ್ಲಿ ಸೋರುತ್ತಿದೆ ನೋಡಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಹಳೇ ಕಾರಿಗೆ ಮೊದಲು ಹೊಸ ಬ್ಯಾಟರಿ ಹಾಕಿದೆ. ಎರಡು ತಿಂಗಳಾದ ಮೇಲೆ ಆಲ್ಟರ್ನೇಟರ್, ಅಂದರೆ ಎಂಜಿನ್ ಬೆಲ್ಟ್ ತಿರುಗಿಸಿದಾಗ ಕಾರಿಗೆ ಕರೆಂಟ್ ಹುಟ್ಟಿಸುವ ಯಂತ್ರ, ಅದನ್ನು ಬಿಚ್ಚಿ ರಿಪೇರಿ ಮಾಡಿಸಿದೆ. ಅದೂ ಸಾಲದೆ ಇನ್ನೊಂದು ಆಲ್ಟರ್ನೇಟರ್ ತಂದು ಕೂರಿಸಿದೆ. ಈ ಮೂರರಲ್ಲಿ ಒಂದೂ ಬೇಕಿರಲಿಲ್ಲ. ಎಂಜಿನ್‌ನಿಂದ ಕಾರಿನ ಲೋಹದ ಮೈಗೆ (ಬಾಡಿ) ಹೋಗುವ, ಕರೆಂಟ್ ಬ್ಯಾಟರಿಗೆ ವಾಪಸ್ ಹೋಗಲು ಇರುವ ಅರ್ತ್ ಪಟ್ಟಿಯ ಕೆಳಗೆ ಬಣ್ಣ ಇತ್ತು, ಅಷ್ಟೇ. ಎಂಜಿನ್ ಇಳಿಸಿದ್ದಾಗ ಚೆನ್ನಾಗಿ ಕಾಣಲಿ ಅಂತ ನಾನೇ ಬಳಿದ ಬಣ್ಣ.

ಸುಳಿವು ಕಣ್ಣ ಮುಂದೆಯೇ ಇತ್ತು. ಬೆಳಿಗ್ಗೆ ಸ್ಟಾರ್ಟರ್ ಸ್ವಲ್ಪ ನಿಧಾನಕ್ಕೆ ತಿರುಗುತ್ತಿತ್ತು, ಹಳೇ ಕಾರು ಅಲ್ವಾ ಅಂತ ಸುಮ್ಮನಿದ್ದೆ. ಸ್ಟಾರ್ಟ್ ಮಾಡಿದ ಮೇಲೆ ಚೋಕ್ ಗುಂಡಿ (ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಲು ಎಳೆಯುವುದು) ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಒಂದು ಗುಂಡಿ ಯಾಕೆ ಬೆಚ್ಚಗಾಗಬೇಕು ಅಂತ ಯೋಚನೆಯೇ ಬರಲಿಲ್ಲ. ಅರ್ತ್ ಪಟ್ಟಿ ಕೈಕೊಟ್ಟಾಗ ಸ್ಟಾರ್ಟರ್‌ನ ನೂರಾರು ಆಂಪಿಯರ್ ಕರೆಂಟ್ ವಾಪಸ್ ಹೋಗಲು ಬೇರೆ ದಾರಿ ಹುಡುಕುತ್ತದೆ, ಚೋಕ್ ಕೇಬಲ್, ಎಕ್ಸಲರೇಟರ್ ಕೇಬಲ್, ಸಿಕ್ಕ ಲೋಹದಲ್ಲೆಲ್ಲ ಹರಿಯುತ್ತದೆ. ನನ್ನ ಚೋಕ್ ಕೇಬಲ್ ಅಷ್ಟು ದಿನ ಅರ್ತ್ ವೈರ್ ಕೆಲಸ ಮಾಡುತ್ತಿತ್ತು, ಪಾಪ.

ಆದ್ದರಿಂದ ನಾನು ಈಗ ಹಿಡಿದಿರುವ ಹಟ ಒಂದೇ. ಅಳತೆ ಮಾಡದೆ ಯಾವ ಭಾಗವನ್ನೂ ಬದಲಿಸುವುದಿಲ್ಲ. ಇದಕ್ಕೆ ಬೇಕಾಗಿರುವುದು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ತಂತಿ ಬ್ರಷ್, ಸ್ಯಾಂಡ್ ಪೇಪರ್, ಒಂದೆರಡು ಸ್ಪ್ಯಾನರ್, ಜೊತೆಗೆ ಒಂದು ಜಂಪ್ ಕೇಬಲ್. ಕಾರಿನ ವೈರಿಂಗ್ ನಕ್ಷೆ ಸಿಕ್ಕರೆ ಮುದ್ರಿಸಿ ಇಟ್ಟುಕೊಳ್ಳಿ, ಗ್ರೀಸ್ ಕೈಯಲ್ಲಿ ಫೋನ್ ಮುಟ್ಟುವ ಕಷ್ಟ ತಪ್ಪುತ್ತದೆ.

ಕೈ ಹಾಕುವ ಮುಂಚೆ

ಉಂಗುರ, ಬಳೆ, ವಾಚ್ ತೆಗೆದಿಡಿ. ಸ್ಪ್ಯಾನರ್ ಹಿಡಿದ ಕೈಯ ಉಂಗುರ ಪಾಸಿಟಿವ್ ಮತ್ತು ಬಾಡಿ ಎರಡಕ್ಕೂ ತಗುಲಿದರೆ ಉಂಗುರ ಕೆಂಪಗೆ ಕಾಯುತ್ತದೆ, ಬೆರಳು ಅದರ ಒಳಗಿರುತ್ತದೆ. ಯಾವುದೇ ವೈರ್ ಬಿಚ್ಚುವಾಗ ಬ್ಯಾಟರಿಯ ಅರ್ತ್ ಕಡೆ ಮೊದಲು ತೆಗೆಯಿರಿ, ಹಾಕುವಾಗ ಅದನ್ನೇ ಕೊನೆಗೆ ಹಾಕಿ. ಆಲ್ಟರ್ನೇಟರ್‌ನ ದಪ್ಪ ವೈರ್‌ಗೆ ಹಳೇ ಕಾರುಗಳಲ್ಲಿ ಎಷ್ಟೋ ಸಲ ಫ್ಯೂಸೇ ಇರುವುದಿಲ್ಲ, ಕೀ ಆಫ್ ಇದ್ದರೂ ಅದರಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಇನ್ನೊಂದು ಮಾತು, ಇದನ್ನು ಹಿರಿಯರು ಹೇಳಿಕೊಟ್ಟರೂ ಕೇಳಬೇಡಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕಿತ್ತು, ಎಂಜಿನ್ ನಿಲ್ಲದಿದ್ದರೆ ಆಲ್ಟರ್ನೇಟರ್ ಸರಿ ಇದೆ ಅನ್ನುವ ಪರೀಕ್ಷೆ ಒಂದಿದೆಯಲ್ಲ, ಅದು ಆಲ್ಟರ್ನೇಟರ್‌ಗೂ ಮುಂಚೆ ಕರೆಂಟ್ ಹುಟ್ಟಿಸುತ್ತಿದ್ದ ಡೈನಮೊ ಕಾಲದ್ದು. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಹಾಗೆ ಮಾಡಿದರೆ ಒಂದು ಕ್ಷಣ ವೋಲ್ಟೇಜ್ ಸಿಕ್ಕಾಪಟ್ಟೆ ಏರಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ), ರೆಗ್ಯುಲೇಟರ್ (ವೋಲ್ಟೇಜನ್ನು ಮಿತಿಯಲ್ಲಿಡುವ ಭಾಗ) ಎರಡೂ ಸುಡಬಹುದು. ಚೆನ್ನಾಗಿದ್ದ ಆಲ್ಟರ್ನೇಟರ್ ಪರೀಕ್ಷೆಯಲ್ಲೇ ಸತ್ತುಹೋಗುತ್ತದೆ.

ಹಾಗೆಯೇ ನಿಮ್ಮ ಕಾರು ಪಾಸಿಟಿವ್ ಅರ್ತ್ ಕಾರೇ ನೋಡಿಕೊಳ್ಳಿ. 1960ರ ದಶಕದ ಮಧ್ಯದವರೆಗೂ ಬಂದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಹೋಗುತ್ತದೆ. ಡೈನಮೊಗೆ ಅದು ಒಗ್ಗುತ್ತಿತ್ತು. ನೆಗೆಟಿವ್ ಅರ್ತ್ ಆಲ್ಟರ್ನೇಟರ್ ಹಾಕಿದ ಕಾರಿಗೆ ಬ್ಯಾಟರಿ ಉಲ್ಟಾ ಜೋಡಿಸಿದರೆ ಡಯೋಡ್‌ಗಳು ಆ ಕ್ಷಣವೇ ಹೋಗುತ್ತವೆ.

ಮೊದಲು ಬ್ಯಾಟರಿ, ಆಮೇಲೆ ಬೆಲ್ಟ್

ಅರ್ಧ ಸತ್ತ ಬ್ಯಾಟರಿ ಇಟ್ಟುಕೊಂಡು ಮಾಡಿದ ಯಾವ ಅಳತೆಯೂ ನಂಬಿಕೆಗೆ ಬರುವುದಿಲ್ಲ. ಕಾರು ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿಯ ಎರಡು ಸೀಸದ ಕಂಬಗಳ ಮೇಲೆ ಮೀಟರ್ ಕಡ್ಡಿ ಇಡಿ. 12.6 ವೋಲ್ಟ್ ಅಂದರೆ ಪೂರ್ತಿ ಚಾರ್ಜ್. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12ಕ್ಕೆ ಇಳಿದಿದ್ದರೆ ಕಾಲು ಭಾಗ ಉಳಿದಿದೆ ಅಂತ ಲೆಕ್ಕ. ಈಗಷ್ಟೇ ಓಡಿಸಿ ನಿಲ್ಲಿಸಿದ ಕಾರಾದರೆ ಈ ಅಂಕಿ ಸುಳ್ಳು ಹೇಳುತ್ತದೆ, ಹೆಡ್‌ಲೈಟ್ ಎರಡು ನಿಮಿಷ ಉರಿಸಿ, ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ.

ಪೂರ್ತಿ ಇಳಿದ ಬ್ಯಾಟರಿಯನ್ನು ಆಲ್ಟರ್ನೇಟರ್ ಕೈಲಿ ತುಂಬಿಸಬೇಡಿ. ಅದು ಖರ್ಚಾದದ್ದನ್ನು ವಾಪಸ್ ಕೊಡಲು ಇರುವ ಯಂತ್ರ, ಬರಿದಾದ ಬಾವಿ ತುಂಬಲು ಇರುವುದಲ್ಲ. ಮನೆಯ ಚಾರ್ಜರ್‌ಗೆ ಹಾಕಿ, ಬ್ಯಾಟರಿಯ ಆಂಪಿಯರ್ ಅವರ್‌ನ (ಅದು ಎಷ್ಟು ಚಾರ್ಜ್ ಹಿಡಿಸುತ್ತದೆ ಅನ್ನುವ ಅಳತೆ) ಹತ್ತನೇ ಒಂದು ಭಾಗದಷ್ಟು ಕರೆಂಟ್‌ನಲ್ಲಿ ನಿಧಾನಕ್ಕೆ ಚಾರ್ಜ್ ಮಾಡಿ. 45 ಆಂಪಿಯರ್ ಅವರ್ ಬ್ಯಾಟರಿಗೆ ನಾಲ್ಕೂವರೆ ಆಂಪಿಯರ್. ಗಾಳಿ ಆಡುವ ಜಾಗದಲ್ಲಿ, ಬೆಂಕಿ ಕಿಡಿ ದೂರ ಇಟ್ಟು.

ಬೆಲ್ಟ್ ವಿಷಯ ಬೇಗ ಮುಗಿಸೋಣ. ಎಂಜಿನ್ ಆಫ್ ಮಾಡಿ, ಬೆಲ್ಟ್‌ನ ಉದ್ದದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ, ಸುಮಾರು 13 ಮಿಲಿಮೀಟರ್, ಅಂದರೆ ಅರ್ಧ ಇಂಚು ಬಗ್ಗಿದರೆ ಸರಿ. ಪಕ್ಕಗಳು ಗಾಜಿನ ಹಾಗೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ. ವಿ ಬೆಲ್ಟ್ ಕೆಲಸ ಮಾಡುವುದು ಪಕ್ಕಗಳಿಂದ, ತಳದಿಂದ ಅಲ್ಲ. ಪುಲ್ಲಿಯ ತಳ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತಿದ್ದರೆ ಬೆಲ್ಟ್ ಸವೆದು ಕೆಳಗೆ ಕೂತಿದೆ ಅಂತ ಅರ್ಥ, ಎಷ್ಟು ಬಿಗಿ ಮಾಡಿದರೂ ಅಷ್ಟೇ. ಹಾಗಂತ ವೀಣೆ ತಂತಿ ಹಾಗೆ ಎಳೆದು ಬಿಗಿಯಲೂಬೇಡಿ, ಬೇರಿಂಗ್ ಹೋಗುತ್ತದೆ.

ಎಂಜಿನ್ ಓಡಿಸಿ ಅಳೆಯಿರಿ

ಈಗ ಸ್ಟಾರ್ಟ್ ಮಾಡಿ. ಎಂಜಿನ್ ವೇಗವನ್ನು ನಿಮಿಷಕ್ಕೆ 2000 ಸುತ್ತಿನ ಆಸುಪಾಸು ಹಿಡಿದು ಬ್ಯಾಟರಿ ಮೇಲೆ ಅಳೆಯಿರಿ. 13.8ರಿಂದ 14.5 ವೋಲ್ಟ್ ಬಂದರೆ ಒಳ್ಳೆಯದು. ನಿಂತಾಗ ಇದ್ದ 12.5 ಹಾಗೇ ಇದ್ದು ನಿಧಾನಕ್ಕೆ ಇಳಿಯುತ್ತಿದ್ದರೆ ಚಾರ್ಜೇ ಆಗುತ್ತಿಲ್ಲ. 15 ದಾಟಿದರೆ ತಕ್ಷಣ ನಿಲ್ಲಿಸಿ, ಅದು ಬೇರೆ ರೋಗ, ಕೆಳಗೆ ಬರುತ್ತದೆ.

ಆಮೇಲೆ ಹೆಡ್‌ಲೈಟ್, ಹೀಟರ್ ಫ್ಯಾನ್, ವೈಪರ್ ಎಲ್ಲಾ ಹಾಕಿ ಅದೇ ವೇಗದಲ್ಲಿ ಮತ್ತೆ ನೋಡಿ. 13.5ರ ಆಸುಪಾಸು ನಿಂತರೆ ಸಾಕು. ಐಡಲ್‌ನಲ್ಲಿ ಲೈಟ್ ಹಾಕಿದಾಗ 13ಕ್ಕಿಂತ ಕೆಳಗೆ ಬಂದರೆ ಗಾಬರಿ ಬೇಡ. ಲ್ಯೂಕಾಸ್ ಕಂಪನಿಯ 16 ಎಸಿಆರ್ ಆಲ್ಟರ್ನೇಟರ್ ಪೂರ್ತಿ ವೇಗದಲ್ಲಿ ಕೊಡುವುದೇ 34 ಆಂಪಿಯರ್, ಐಡಲ್‌ನಲ್ಲಿ ಅದರ ಒಂದು ಪಾಲು ಮಾತ್ರ. ಈಗಿನ ಕಾರಿನ ಲೆಕ್ಕ ಇಲ್ಲಿ ಹಾಕಬಾರದು. ಹಾಗೆಯೇ ಎಂಜಿನ್ ಬಿಸಿಯಾದ ಮೇಲೆ ವೋಲ್ಟೇಜ್ ಅರ್ಧ ವೋಲ್ಟ್ ಇಳಿಯುವುದೂ ಮಾಮೂಲು, ರೆಗ್ಯುಲೇಟರ್‌ಗಳೇ ಬಿಸಿಗೆ ತಕ್ಕಂತೆ ಇಳಿಸುತ್ತವೆ.

ಇಲ್ಲಿ ಕಡಿಮೆ ಬಂತು ಅಂತ ಆಲ್ಟರ್ನೇಟರ್ ಮೇಲೆ ತೀರ್ಪು ಕೊಡಬೇಡಿ. ನಾನು ಮಾಡಿದ ತಪ್ಪು ಅದೇ. ಅದೇ ಹೊತ್ತಿನಲ್ಲಿ ಮೀಟರ್‌ನ ಕೆಂಪು ಕಡ್ಡಿಯನ್ನು ಆಲ್ಟರ್ನೇಟರ್ ಹಿಂಭಾಗದ ದಪ್ಪ ಟರ್ಮಿನಲ್‌ಗೂ, ಕಪ್ಪು ಕಡ್ಡಿಯನ್ನು ಆಲ್ಟರ್ನೇಟರ್ ಮೈಯ ಬರಿ ಲೋಹಕ್ಕೂ ಹಿಡಿಯಿರಿ. ಅಲ್ಲಿ 14.2 ಇದ್ದು ಬ್ಯಾಟರಿಯಲ್ಲಿ 13 ಇದ್ದರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ, ದಾರಿಯಲ್ಲಿ ಯಾರೋ 1.2 ವೋಲ್ಟ್ ನುಂಗುತ್ತಿದ್ದಾರೆ.

ದಾರಿಯಲ್ಲಿ ನುಂಗುವವರು

ಕಳ್ಳ ಪಾಸಿಟಿವ್ ಕಡೆ ಇದ್ದಾನೋ ಅರ್ತ್ ಕಡೆ ಇದ್ದಾನೋ ಅಂತ ಬೇರೆ ಬೇರೆಯಾಗಿ ನೋಡಬೇಕು. ಎಂಜಿನ್ 2000ದಲ್ಲಿ, ಲೈಟ್ ಮತ್ತು ಫ್ಯಾನ್ ಆನ್. ಮೀಟರ್ 2 ವೋಲ್ಟ್ ಅಥವಾ 20 ವೋಲ್ಟ್ ಡಿಸಿ ರೇಂಜ್‌ನಲ್ಲಿ. ಒಂದು ಕಡ್ಡಿ ಆಲ್ಟರ್ನೇಟರ್‌ನ ದಪ್ಪ ಟರ್ಮಿನಲ್ ಮೇಲೆ, ಇನ್ನೊಂದು ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ. ಕ್ಲ್ಯಾಂಪ್ ಮೇಲಲ್ಲ, ಸೀಸದ ಕಂಬದ ಮೇಲೇ. 0.3 ವೋಲ್ಟ್‌ವರೆಗೆ ಬಂದರೆ ಪರವಾಗಿಲ್ಲ, 0.5 ದಾಟಿದರೆ ಅಲ್ಲೇನೋ ಇದೆ. ಆಮೇಲೆ ಒಂದು ಕಡ್ಡಿ ಆಲ್ಟರ್ನೇಟರ್ ಮೈಗೆ, ಇನ್ನೊಂದು ನೆಗೆಟಿವ್ ಕಂಬಕ್ಕೆ. ಇಲ್ಲಿ 0.2 ಕೂಡ ಜಾಸ್ತಿಯೇ. ನನ್ನ ಕಾರಿನಲ್ಲಿ 1.1 ಬಂದಾಗ ಮೀಟರ್ ಕೆಟ್ಟಿದೆ ಅಂತ ಬೇರೆ ಮೀಟರ್ ತಂದು ನೋಡಿದ್ದೆ.

ಲೋಡ್ ಇಲ್ಲದೆ ಈ ಪರೀಕ್ಷೆ ಮಾಡಿದರೆ ಎಲ್ಲಾ ಚೆನ್ನಾಗಿಯೇ ಕಾಣುತ್ತದೆ. ವೋಲ್ಟ್ ಕಳೆದುಹೋಗುವುದು ಕರೆಂಟ್ ಹರಿಯುವಾಗ ಮಾತ್ರ. ಅದಕ್ಕೇ ಮೀಟರ್‌ನ ಬೀಪ್ ಪರೀಕ್ಷೆಯನ್ನೂ ನಂಬಬೇಡಿ. ಮೂವತ್ತು ಎಳೆಯ ವೈರ್‌ನಲ್ಲಿ ಇಪ್ಪತ್ತೊಂಬತ್ತು ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಖುಷಿಯಾಗಿ ಬೀಪ್ ಅನ್ನುತ್ತದೆ, ಆ ಒಂದೆಳೆಗೆ 30 ಆಂಪಿಯರ್ ಹೊರುವ ಶಕ್ತಿ ಎಲ್ಲಿಂದ ಬರಬೇಕು?

ಒಂದು ಲೆಕ್ಕ ಹಾಕಿ ನೋಡಿ. ಕಿಲುಬು ಹಿಡಿದ ಒಂದು ಜೋಡಣೆಯಲ್ಲಿ 0.02 ಓಮ್ ಅಡ್ಡಿ ಇದೆ ಅಂದುಕೊಳ್ಳಿ, ಸಾಧಾರಣ ಮೀಟರ್‌ಗೆ ಅದು ಸೊನ್ನೆಯೇ. ಅದರಲ್ಲಿ 40 ಆಂಪಿಯರ್ ಹರಿದರೆ 0.8 ವೋಲ್ಟ್ ಅಲ್ಲೇ ಹೋಯಿತು. ಜೊತೆಗೆ ಆ ಒಂದು ಚಿಕ್ಕ ಜಾಗದಲ್ಲಿ 32 ವ್ಯಾಟ್ ಬಿಸಿ. ಬೆಸುಗೆ ಹಾಕುವ ಕಾವಿಗೆ ಅಷ್ಟೇ ಬೇಕು! ಪ್ಲಾಸ್ಟಿಕ್ ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿ ಕರಗಿರುವುದು ಇದಕ್ಕೇ. ಹಾಗಾಗಿ ಕಾಲು ಗಂಟೆ ಓಡಿಸಿ, ಎಂಜಿನ್ ಆಫ್ ಮಾಡಿ ಜೋಡಣೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡುವುದೂ ಒಳ್ಳೇ ಪರೀಕ್ಷೆಯೇ, ಬಿಸಿ ಇರುವ ಕಡೆ ಕಳ್ಳ ಇದ್ದಾನೆ. ಹುಷಾರಾಗಿ ಮುಟ್ಟಿ, ಪಕ್ಕದಲ್ಲೇ ಎಕ್ಸಾಸ್ಟ್ ಇರುತ್ತದೆ.

ಮೀಟರ್‌ನಲ್ಲಿ ಹುಡುಕುವುದಾದರೆ ಒಂದು ಕಡ್ಡಿ ಬ್ಯಾಟರಿ ಕಂಬದ ಮೇಲೇ ಇರಲಿ. ಇನ್ನೊಂದನ್ನು ಹೆಜ್ಜೆ ಹೆಜ್ಜೆಯಾಗಿ ಆಲ್ಟರ್ನೇಟರ್ ಕಡೆ ನಡೆಸಿ. ಕಂಬದಿಂದ ಕ್ಲ್ಯಾಂಪ್‌ಗೆ, ಕ್ಲ್ಯಾಂಪ್‌ನಿಂದ ಸ್ಟಾರ್ಟರ್ ಸೊಲೆನಾಯ್ಡ್‌ನ (ಸ್ಟಾರ್ಟರ್‌ಗೆ ಕರೆಂಟ್ ಬಿಡುವ ಸ್ವಿಚ್) ಬೋಲ್ಟ್‌ಗೆ, ಅಲ್ಲಿಂದ ವೈರ್‌ನ ತುದಿಗೆ, ಕರೆಂಟ್ ಎಷ್ಟು ಹರಿಯುತ್ತಿದೆ ತೋರಿಸುವ ಆಮ್‌ಮೀಟರ್ ಇದ್ದರೆ ಅದರ ಎರಡೂ ಬದಿಗೆ, ಕೊನೆಗೆ ಆಲ್ಟರ್ನೇಟರ್‌ಗೆ. ಅಂಕಿ 0.05, 0.08 ಅಂತ ಬರುತ್ತಾ ಒಂದು ಕಡೆ 0.6ಕ್ಕೆ ಹಾರುತ್ತದೆ. ಹಾರಿದ ಜಾಗವೇ ರೋಗದ ಜಾಗ.

ಲ್ಯೂಕಾಸ್ ವೈರಿಂಗ್ ಇರುವ ಕಾರಾದರೆ ಬಣ್ಣ ನೋಡಿ ದಾರಿ ಹಿಡಿಯಬಹುದು. ಕಂದು ವೈರ್ ಅಂದರೆ ಫ್ಯೂಸ್ ಇಲ್ಲದ ಬ್ಯಾಟರಿ ಕರೆಂಟ್, ಕಂದಿನ ಮೇಲೆ ಹಳದಿ ಗೆರೆ ಇದ್ದರೆ ಚಾರ್ಜಿಂಗ್ ಎಚ್ಚರಿಕೆ ದೀಪದ್ದು, ಬಿಳಿ ಇಗ್ನಿಷನ್‌ದು, ಕಪ್ಪು ಅರ್ತ್. ಐವತ್ತು ವರ್ಷದಲ್ಲಿ ಎಷ್ಟು ಕೈ ಬದಲಾಗಿದೆಯೋ, ಯಾರು ಯಾವ ಬಣ್ಣದ ವೈರ್ ಸೇರಿಸಿದ್ದಾರೋ ಹೇಳಲಾಗದು, ಬಣ್ಣ ನಂಬಿ ಆದರೆ ಅಳೆದು ನಂಬಿ.

ಲ್ಯೂಕಾಸ್ ಆಲ್ಟರ್ನೇಟರ್ ಹಿಂಭಾಗದ ಕನೆಕ್ಟರ್ ಒಂದು ವಿಶೇಷ. 9.5 ಮಿಲಿಮೀಟರ್ ಅಗಲದ ದೊಡ್ಡ ಚಪ್ಪಟೆ ಪಿನ್ ದಪ್ಪ ವೈರ್‌ಗೆ, 6.3ರ ಚಿಕ್ಕದು ದೀಪಕ್ಕೆ. ಹತ್ತಾರು ಸಲ ಕಿತ್ತು ಹಾಕಿ ಆ ಪಿನ್‌ನ ಹಿಡಿತ ಸಡಿಲವಾಗಿರುತ್ತದೆ, ಎಂಜಿನ್ ಅದುರುವಾಗ ಒಂದು ಕ್ಷಣ ತಗುಲುತ್ತದೆ, ಒಂದು ಕ್ಷಣ ಬಿಡುತ್ತದೆ. ಸುಮ್ನೆ ಒತ್ತಿ ಕೂರಿಸಿದರೆ ವಾರ ನಡೆಯುತ್ತದೆ. ಬಿಚ್ಚಿ, ಹೆಣ್ಣು ಪಿನ್ನನ್ನು ಇಕ್ಕಳದಲ್ಲಿ ಸ್ವಲ್ಪ ಅಮುಕಿ, ಗಂಡು ಪಿನ್ನನ್ನು ಹೊಳೆಯುವ ತನಕ ಉಜ್ಜಿ ಹಾಕಿ. ಪ್ಲಾಸ್ಟಿಕ್ ಕರಗಿದ್ದರೆ, ವೈರ್ ತುದಿ ಕಪ್ಪಾಗಿ ಪುಡಿಪುಡಿ ಆಗುತ್ತಿದ್ದರೆ ಹಿಂದಕ್ಕೆ ಒಳ್ಳೇ ತಾಮ್ರ ಕಾಣುವ ತನಕ ಕತ್ತರಿಸಿ ಹೊಸ ಪಿನ್ ಹಾಕುವುದೇ ಸರಿ.

ಅರ್ತ್ ಕಡೆಗೆ ಇದಕ್ಕಿಂತ ಸುಲಭದ ಉಪಾಯ ಇದೆ. ಜಂಪ್ ಕೇಬಲ್‌ನ ಒಂದು ತುದಿ ಎಂಜಿನ್‌ನ ಬರಿ ಲೋಹಕ್ಕೆ, ಇನ್ನೊಂದು ನೇರ ಬ್ಯಾಟರಿ ನೆಗೆಟಿವ್‌ಗೆ ಕಚ್ಚಿಸಿ. ಬೆಲ್ಟ್, ಫ್ಯಾನ್ ಹತ್ತಿರ ಕೇಬಲ್ ಹೋಗದ ಹಾಗೆ ನೋಡಿಕೊಳ್ಳಿ. ವೋಲ್ಟೇಜ್ ತಟಕ್ಕನೆ ಏರಿದರೆ, ಸ್ಟಾರ್ಟರ್ ಚುರುಕಾದರೆ ಅಲ್ಲಿಗೆ ಹುಡುಕಾಟ ಮುಗಿಯಿತು. ನನಗೆ ಈ ಐದು ನಿಮಿಷದ ಉಪಾಯ ಮೊದಲೇ ಗೊತ್ತಿದ್ದಿದ್ದರೆ ಎರಡು ಆಲ್ಟರ್ನೇಟರ್ ದುಡ್ಡು ಉಳಿಯುತ್ತಿತ್ತು. ಆಮೇಲೆ ಮಾಡಿದ್ದು ಇಷ್ಟೇ: ಪಟ್ಟಿ ಬಿಚ್ಚಿದೆ, ಬೋಲ್ಟ್ ಕೂರುವ ಜಾಗದಲ್ಲಿ ಬಣ್ಣ ಕೆರೆದು ಬೆಳ್ಳಿ ಹಾಗೆ ಹೊಳೆಯುವ ಲೋಹ ಬರಿಸಿದೆ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿದೆ, ಮೇಲೆ ವ್ಯಾಸಲೀನ್ ಸವರಿದೆ. 1.1 ಇದ್ದದ್ದು 0.06ಕ್ಕೆ ಬಂತು.

ವೈರ್ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ ಒಂದೂವರೆ ಮೀಟರ್ ತಾಮ್ರದ ವೈರ್, ಅದರಲ್ಲಿ 45 ಆಂಪಿಯರ್ ಅಂದುಕೊಂಡರೆ 2.5 ಚದರ ಮಿಲಿಮೀಟರ್ ವೈರ್ ಒಂದೇ 0.46 ವೋಲ್ಟ್ ತಿನ್ನುತ್ತದೆ. 6 ಚದರ ಮಿಲಿಮೀಟರ್ ಆದರೆ 0.2ಕ್ಕಿಂತ ಕಡಿಮೆ.

ಕೆಂಪು ದೀಪ ಏನು ಹೇಳುತ್ತದೆ

ಡ್ಯಾಶ್‌ಬೋರ್ಡ್‌ನ ಚಾರ್ಜಿಂಗ್ ದೀಪ ಬರೀ ಎಚ್ಚರಿಕೆಗೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಅದು ಆಲ್ಟರ್ನೇಟರ್‌ನ ಒಂದು ಅಂಗ. ಆಲ್ಟರ್ನೇಟರ್ ಒಳಗೆ ತಿರುಗುವ ರೋಟರ್‌ನಲ್ಲಿ ಆಯಸ್ಕಾಂತ ಹುಟ್ಟಲು ಮೊದಲು ಸ್ವಲ್ಪ ಕರೆಂಟ್ ಬೇಕು, ಅದು ಬರುವುದು ಈ ದೀಪದ ಮೂಲಕ. ಕೀ ಆನ್ ಮಾಡಿದಾಗ ಕರೆಂಟ್ ದೀಪ ದಾಟಿ ರೋಟರ್‌ಗೆ ಹೋಗಿ ಅರ್ತ್ ಸೇರುತ್ತದೆ, ದೀಪ ಉರಿಯುತ್ತದೆ. ಎಂಜಿನ್ ಓಡಿದ ಮೇಲೆ ಆಲ್ಟರ್ನೇಟರ್ ತನ್ನ ಕಡೆಯಿಂದಲೂ 14 ವೋಲ್ಟ್ ಕೊಡುತ್ತದೆ, ದೀಪದ ಎರಡೂ ಕಡೆ ಸಮ ಆಗಿ ಆರಿಹೋಗುತ್ತದೆ.

ಆದ್ದರಿಂದ ಬಲ್ಬ್ ಸುಟ್ಟರೆ ಚಾರ್ಜಿಂಗ್ ಶುರುವೇ ಆಗದೆ ಹೋಗಬಹುದು. ಒಮ್ಮೆ ಎಂಜಿನ್ ಜೋರಾಗಿ ಏರಿಸಿದರೆ ರೋಟರ್‌ನಲ್ಲಿ ಉಳಿದ ಅಷ್ಟಿಷ್ಟು ಕಾಂತತನದಿಂದ ಎದ್ದು ಕೂರುತ್ತದೆ, ಆಮೇಲೆ ನಡೆಯುತ್ತದೆ. "ಒಂದ್ಸಲ ರೇಸ್ ಕೊಟ್ಟರೆ ಮಾತ್ರ ಚಾರ್ಜ್ ಆಗುತ್ತೆ" ಅನ್ನುವ ಕಾರುಗಳ ಕಥೆ ಬಹಳ ಸಲ ಇದೇ. ಮೂಲದಲ್ಲಿ ಇರುವುದು 2.2 ವ್ಯಾಟ್‌ನಂಥ ಬಲ್ಬ್, ಸುಮಾರು 0.18 ಆಂಪಿಯರ್ ಬಿಡುತ್ತದೆ. ಚೆನ್ನಾಗಿ ಕಾಣಲಿ ಅಂತ ಎಲ್‌ಇಡಿ ಹಾಕಿದರೆ ಅದು ಅದರ ಹತ್ತನೇ ಒಂದು ಪಾಲೂ ಬಿಡುವುದು ಕಷ್ಟ. ಹಾಕಲೇಬೇಕಾದರೆ ಪಕ್ಕದಲ್ಲಿ ಒಂದು ರೆಸಿಸ್ಟರ್ ಜೋಡಿಸಿ.

ಕೀ ಆನ್ ಮಾಡಿದಾಗ ದೀಪವೇ ಬರದಿದ್ದರೆ ಆಲ್ಟರ್ನೇಟರ್ ಹಿಂದಿನ ಆ ಚಿಕ್ಕ ವೈರ್ ಕಿತ್ತು ಎಂಜಿನ್ ಲೋಹಕ್ಕೆ ಮುಟ್ಟಿಸಿ. ಕಂದು-ಹಳದಿ ವೈರ್, ದಪ್ಪನೆಯದಲ್ಲ, ದಪ್ಪನೆಯದು ಮುಟ್ಟಿಸಿದರೆ ಪಟಾಕಿಯೇ! ದೀಪ ಬಂತೇ? ಹಾಗಾದರೆ ವೈರ್, ಬಲ್ಬ್ ಎರಡೂ ಸರಿ, ತೊಂದರೆ ಆಲ್ಟರ್ನೇಟರ್ ಒಳಗೆ, ಬಹುಶಃ ತಿರುಗುವ ರೋಟರ್‌ಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆ. ಬರಲಿಲ್ಲವೇ? ಬಲ್ಬ್, ಅದರ ಹೋಲ್ಡರ್, ವೈರ್ ನೋಡಿ.

ಎಂಜಿನ್ ಓಡುವಾಗಲೂ ಜೋರಾಗಿಯೇ ಉರಿಯುತ್ತಿದ್ದರೆ ಮೊದಲು ಬೆಲ್ಟ್ ನೋಡಿ. ಅದು ಸರಿ ಇದ್ದರೆ ಅದೇ ಚಿಕ್ಕ ವೈರ್ ಕಿತ್ತು ನೋಡಿ. ಕಿತ್ತರೂ ಉರಿಯುತ್ತಿದ್ದರೆ ವೈರ್ ಎಲ್ಲೋ ಸಿಪ್ಪೆ ಹೋಗಿ ಬಾಡಿಗೆ ತಗುಲಿದೆ. ಆರಿದರೆ ಆಲ್ಟರ್ನೇಟರ್ ಏನೂ ಹುಟ್ಟಿಸುತ್ತಿಲ್ಲ.

ಮಂದವಾಗಿ ಉರಿಯುವ ದೀಪ ತಲೆ ತಿನ್ನುತ್ತದೆ. ಲೈಟ್, ಫ್ಯಾನ್ ಹಾಕಿದ ಹಾಗೆಲ್ಲ ಸ್ವಲ್ಪ ಹೆಚ್ಚು, ಆರಿಸಿದರೆ ಸ್ವಲ್ಪ ಕಡಿಮೆ. ದೀಪದ ಒಂದು ಕಡೆ ಆಲ್ಟರ್ನೇಟರ್‌ನ 14.2, ಇನ್ನೊಂದು ಕಡೆ ಇಗ್ನಿಷನ್ ಸ್ವಿಚ್‌ನಿಂದ ಬರುವುದು 12.5 ಮಾತ್ರ, ಆ ವ್ಯತ್ಯಾಸದಲ್ಲಿ ದೀಪ ಮಿಣುಕುತ್ತದೆ. ಅಂದರೆ ದಪ್ಪ ವೈರ್‌ನ ದಾರಿಯಲ್ಲೋ, ಸವೆದ ಇಗ್ನಿಷನ್ ಸ್ವಿಚ್ ಒಳಗೋ ವೋಲ್ಟ್ ಹೋಗುತ್ತಿದೆ. ಅವೆರಡೂ ಸರಿ ಇದ್ದರೆ ಮಾತ್ರ ಒಂದು ಡಯೋಡ್ ಹೋಗಿರಬಹುದು ಅಂತ ಅನುಮಾನಿಸಿ. ಈ ಮಿಣುಕು ಹಗಲಲ್ಲಿ ಕಾಣುವುದಿಲ್ಲ, ಕತ್ತಲಾದ ಮೇಲೆ ಅಥವಾ ಕೈ ಅಡ್ಡ ಹಿಡಿದು ನೋಡಿ.

ಕೀ ತೆಗೆದ ಮೇಲೂ ದೀಪ ಉರಿಯುತ್ತಿದ್ದರೆ ಡಯೋಡ್ ಶಾರ್ಟ್ ಆಗಿದೆ. ಆವತ್ತು ರಾತ್ರಿ ಬ್ಯಾಟರಿ ವೈರ್ ಬಿಚ್ಚಿಟ್ಟು ಮಲಗಿ.

ಇಷ್ಟಾದರೂ ಚಾರ್ಜ್ ಇಲ್ಲ ಅಂದರೆ

ಈಗ ಆಲ್ಟರ್ನೇಟರ್ ಮೇಲೆ ಅನುಮಾನ ಪಡಲು ನಿಮಗೆ ಹಕ್ಕು ಬಂತು. ಆದರೆ ಇನ್ನೂ ಒಂದು ಪ್ರಶ್ನೆ ಇದೆ, ಕೆಟ್ಟಿರುವುದು ಆಲ್ಟರ್ನೇಟರೋ ರೆಗ್ಯುಲೇಟರೋ? ರೆಗ್ಯುಲೇಟರನ್ನು ಬದಿಗೆ ಸರಿಸಿ ರೋಟರ್‌ಗೆ ನೇರ ಪೂರ್ತಿ ಕರೆಂಟ್ ಕೊಟ್ಟು ನೋಡುವ ಪರೀಕ್ಷೆ ಇದಕ್ಕಿದೆ. ಡೆಲ್ಕೊ ಕಂಪನಿಯ 10 ಎಸ್‌ಐ ಆಲ್ಟರ್ನೇಟರ್‌ನ ಬೆನ್ನಲ್ಲಿ ಇಂಗ್ಲಿಷ್ ಡಿ ಅಕ್ಷರದ ಆಕಾರದ ಒಂದು ತೂತು ಇದಕ್ಕೆಂದೇ ಇದೆ, ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಒಳಗಿನ ಪಟ್ಟಿಯನ್ನು ಮೈಗೆ ತಗುಲಿಸಬೇಕು, ಒಂದು ಇಂಚಿಗಿಂತ ಒಳಗೆ ತೂರಿಸಬಾರದು. ರೆಗ್ಯುಲೇಟರ್ ಬೇರೆ ಪೆಟ್ಟಿಗೆಯಲ್ಲಿದ್ದರೆ ಕೆಲವು ಕಾರಿನಲ್ಲಿ ಫೀಲ್ಡ್ ವೈರ್‌ಗೆ (ರೋಟರ್‌ಗೆ ಹೋಗುವ ವೈರ್) ಪಾಸಿಟಿವ್ ಕೊಡಬೇಕು, ಕೆಲವದರಲ್ಲಿ ಅರ್ತ್ ಕೊಡಬೇಕು. ಉಲ್ಟಾ ಮಾಡಿದರೆ ಹೊಗೆ. ನಕ್ಷೆ ನೋಡದೆ ಮಾಡಲೇಬೇಡಿ. ಹೆಡ್‌ಲೈಟ್ ಹಾಕಿಕೊಂಡು, ವೇಗ ಕಡಿಮೆ ಇಟ್ಟು, ಎರಡು ಮೂರು ಸೆಕೆಂಡ್ ಮಾತ್ರ, ಮೀಟರ್ 16ರ ಕಡೆ ಹೋಗದ ಹಾಗೆ. ವೋಲ್ಟೇಜ್ ಧಡಕ್ಕನೆ ಏರಿದರೆ ಆಲ್ಟರ್ನೇಟರ್ ಗಟ್ಟಿಯಾಗಿದೆ, ರೆಗ್ಯುಲೇಟರ್ ಬದಲಿಸಿ. ಅಲುಗಾಡದಿದ್ದರೆ ಒಳಗೆ ಬಿಚ್ಚಿ.

ಬಿಚ್ಚಿದಾಗ ಮೊದಲು ನೋಡಬೇಕಾದ್ದು ಬ್ರಷ್. ಹೊರಚಾಚಿದ ಉದ್ದ 5 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಅದರ ಕಾಲ ಮುಗಿದಿದೆ. ಎಷ್ಟೋ ಆಲ್ಟರ್ನೇಟರ್ ಬರೀ ಎರಡು ಬ್ರಷ್‌ನಿಂದ ಮತ್ತೆ ಹತ್ತು ವರ್ಷ ನಡೆಯುತ್ತದೆ. ಅದು ಉಜ್ಜುವ ತಾಮ್ರದ ಉಂಗುರಗಳು ಕಪ್ಪಾಗಿದ್ದರೆ ಪೆಟ್ರೋಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಹೋಗದಿದ್ದರೆ ತುಂಬಾ ನಯವಾದ ಸ್ಯಾಂಡ್ ಪೇಪರ್. ಎರಡು ಉಂಗುರದ ನಡುವೆ ಓಮ್ ಅಳೆದರೆ ಸಾಮಾನ್ಯವಾಗಿ 3ರಿಂದ 5 ಬರಬೇಕು, ಉಂಗುರದಿಂದ ಶಾಫ್ಟ್‌ಗೆ ಏನೂ ಬರಬಾರದು. ಬಂದರೆ ರೋಟರ್ ಸುಟ್ಟಿದೆ.

ಡಯೋಡ್ ಅನುಮಾನ ಇದ್ದರೆ ಬಿಚ್ಚುವ ಮುಂಚೆಯೇ ಒಂದು ಸುಲಭ ಪರೀಕ್ಷೆ ಮಾಡಿಬಿಡಿ. ಎಂಜಿನ್ ಓಡಿಸಿ, ಲೈಟ್ ಹಾಕಿ, ಮೀಟರ್‌ನ ಎಸಿ ರೇಂಜ್‌ನಲ್ಲಿ ಬ್ಯಾಟರಿ ಅಳೆಯಿರಿ. 0.1ಕ್ಕಿಂತ ಕಡಿಮೆ ಇದ್ದರೆ ಡಯೋಡ್‌ಗಳು ಆರೋಗ್ಯವಾಗಿವೆ, 0.5 ದಾಟಿದರೆ ಒಂದಾದರೂ ಹೋಗಿದೆ. ಎಂಜಿನ್ ವೇಗದ ಜೊತೆ ರೇಡಿಯೊದಲ್ಲಿ ಕುಂಯ್ ಅನ್ನುವ ಸದ್ದು ಏರಿಳಿಯುವುದೂ ಇದರ ಗುರುತೇ. ಒಂದು ಎಚ್ಚರಿಕೆ: ಕೆಲವು ಅಗ್ಗದ ಮೀಟರ್‌ಗಳು ಎಸಿ ರೇಂಜ್‌ನಲ್ಲಿ ಬ್ಯಾಟರಿಗೆ ಹಿಡಿದರೆ ಎಂಜಿನ್ ಆಫ್ ಇದ್ದರೂ 25, 28 ಅಂತ ತೋರಿಸುತ್ತವೆ. ಕಡ್ಡಿ ಅದಲು ಬದಲು ಮಾಡಿದರೆ ಸೊನ್ನೆ. ಅಂಥ ಮೀಟರ್ ಈ ಪರೀಕ್ಷೆಗೆ ಬರುವುದಿಲ್ಲ.

ಜಾಸ್ತಿ ಚಾರ್ಜ್ ಆಗುತ್ತಿದ್ದರೆ

ಬಲ್ಬ್‌ಗಳು ಪದೇ ಪದೇ ಹೋಗುವುದು, ಬ್ಯಾಟರಿ ನೀರು ಬೇಗ ಇಳಿಯುವುದು, ಕೊಳೆತ ಮೊಟ್ಟೆ ವಾಸನೆ, ಇವು ಬಂದರೆ ವೋಲ್ಟೇಜ್ 15 ದಾಟುತ್ತಿದೆ ಅಂತಲೇ ತಿಳಿಯಿರಿ. ರೆಗ್ಯುಲೇಟರ್ ಸತ್ತಿರಬಹುದು. ಆದರೆ ಇಲ್ಲೂ ಮೊದಲು ವೈರ್ ನೋಡಿ. ರೆಗ್ಯುಲೇಟರ್ ಬೇರೆ ಪೆಟ್ಟಿಗೆಯಲ್ಲಿದ್ದರೆ ಆ ಪೆಟ್ಟಿಗೆಯ ಅರ್ತ್ ಸರಿ ಇರಬೇಕು, ಇಲ್ಲದಿದ್ದರೆ ಅದಕ್ಕೆ ವೋಲ್ಟೇಜ್ ಕಡಿಮೆ ಕಾಣುತ್ತದೆ, ಇನ್ನೂ ಕೊಡು ಇನ್ನೂ ಕೊಡು ಅಂತ ಆಲ್ಟರ್ನೇಟರನ್ನು ದೂಡುತ್ತದೆ. ಬ್ಯಾಟರಿಯ ವೋಲ್ಟೇಜ್ ನೋಡಿಕೊಂಡು ಬರುವ ಪ್ರತ್ಯೇಕ ವೈರ್ ಇರುವ ಆಲ್ಟರ್ನೇಟರ್‌ಗಳಲ್ಲಿ ಆ ವೈರ್‌ನಲ್ಲಿ ಕಿಲುಬು ಹಿಡಿದರೂ ಇದೇ ಕಥೆ.

ರಾತ್ರಿ ನಿಂತಲ್ಲೇ ಇಳಿದರೆ

ಚಾರ್ಜಿಂಗ್ ಎಲ್ಲಾ ಸರಿ, ಆದರೆ ನಾಲ್ಕು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗದು. ಕೀ ತೆಗೆದು, ಬಾಗಿಲು ಮುಚ್ಚಿ, ನೆಗೆಟಿವ್ ವೈರ್ ಬಿಚ್ಚಿ ಕಂಬಕ್ಕೂ ವೈರ್‌ಗೂ ನಡುವೆ ಮೀಟರನ್ನು 10 ಆಂಪಿಯರ್ ರೇಂಜ್‌ನಲ್ಲಿ ಇಡಿ. ಅದು ಹಾಗಿರುವಾಗ ಸ್ಟಾರ್ಟ್ ಮಾಡಬೇಡಿ, ಮೀಟರ್ ಫ್ಯೂಸ್ ಹೋಗುತ್ತದೆ. ಗಡಿಯಾರ, ರೇಡಿಯೊ ಇಲ್ಲದ ಹಳೇ ಕಾರಿನಲ್ಲಿ ಸೊನ್ನೆಯೇ ಬರಬೇಕು. 50 ಮಿಲಿ ಆಂಪಿಯರ್ ಇದ್ದರೂ ದಿನಕ್ಕೆ 1.2 ಆಂಪಿಯರ್ ಅವರ್ ಹೋಗುತ್ತದೆ, 45ರ ಬ್ಯಾಟರಿ ಹತ್ತೊಂಬತ್ತು ದಿನದಲ್ಲಿ ಅರ್ಧ ಖಾಲಿ. ನಾಲ್ಕೇ ದಿನದಲ್ಲಿ ಇಳಿಯುತ್ತಿದ್ದರೆ ಅದಕ್ಕಿಂತ ತುಂಬಾ ಜಾಸ್ತಿ ಹೋಗುತ್ತಿದೆ. ಫ್ಯೂಸ್ ಒಂದೊಂದೇ ತೆಗೆಯಿರಿ. ಎಲ್ಲಾ ತೆಗೆದರೂ ಅಂಕಿ ಹೋಗದಿದ್ದರೆ, ಫ್ಯೂಸ್ ಇಲ್ಲದ ಆ ದಪ್ಪ ವೈರನ್ನು ಆಲ್ಟರ್ನೇಟರ್‌ನಿಂದ ಬಿಚ್ಚಿ ನೋಡಿ. ಬಿಚ್ಚುವ ಮುಂಚೆ ಬ್ಯಾಟರಿ ಪೂರ್ತಿ ಕಳಚಿ, ವೈರ್ ತುದಿಗೆ ಟೇಪ್ ಸುತ್ತಿ, ಆಮೇಲೆ ಮತ್ತೆ ಅಳೆಯಿರಿ. ಅಂಕಿ ಬಿದ್ದರೆ ಡಯೋಡ್ ಸೋರುತ್ತಿದೆ.

ಡೈನಮೊ ತೆಗೆದು ಆಲ್ಟರ್ನೇಟರ್ ಹಾಕಿದ ಕಾರುಗಳಿಗೆ

ಕ್ರೈಸ್ಲರ್ ಕಂಪನಿ 1960ರ ವೇಲಿಯಂಟ್‌ನಲ್ಲೇ ಆಲ್ಟರ್ನೇಟರ್ ಕೊಟ್ಟಿತು, ಉಳಿದ ಎಷ್ಟೋ ಕಾರುಗಳು ಆಮೇಲೂ ವರ್ಷಗಟ್ಟಲೆ ಡೈನಮೊದಲ್ಲೇ ಓಡಿದವು. ಲ್ಯೂಕಾಸ್ ಸಿ40 ಡೈನಮೊ ಕೊಡುತ್ತಿದ್ದದ್ದು 22 ಆಂಪಿಯರ್, ಕಾರಿನ ವೈರಿಂಗ್ ಅಷ್ಟಕ್ಕೇ ಮಾಡಿದ್ದು. ಅಲ್ಲಿ 60 ಆಂಪಿಯರ್ ಆಲ್ಟರ್ನೇಟರ್ ಹಾಕಿ ಹಳೇ ವೈರ್ ಬಿಟ್ಟರೆ, ಅದರಲ್ಲೂ ಎಲ್ಲಾ ಕರೆಂಟ್ ಡ್ಯಾಶ್‌ಬೋರ್ಡ್‌ನ 30 ಆಂಪಿಯರ್ ಆಮ್‌ಮೀಟರ್ ಮೂಲಕ ಹೋಗುವ ಕಾರಾದರೆ, ಇಳಿದ ಬ್ಯಾಟರಿ ಇರುವ ದಿನ ನಿಮ್ಮ ಮೊಣಕಾಲಿನ ಮುಂದೆಯೇ ವೈರ್ ಸುಡುತ್ತದೆ. ಆಲ್ಟರ್ನೇಟರ್‌ನಿಂದ ನೇರ ಬ್ಯಾಟರಿ ಕಡೆಗೆ ದಪ್ಪ ವೈರ್ ಎಳೆದು, ಬ್ಯಾಟರಿ ಹತ್ತಿರ ಒಂದು ದೊಡ್ಡ ಫ್ಯೂಸ್ ಹಾಕಿ. ಆಮ್‌ಮೀಟರ್ ಬದಲು ವೋಲ್ಟ್‌ಮೀಟರ್ ಇಟ್ಟುಕೊಳ್ಳಿ, ಅದು ಹೇಳುವ ಸುದ್ದಿಯೂ ಜಾಸ್ತಿ.

ಹೀಗೆ ಬದಲಿಸಿದ ಕಾರಿನಲ್ಲಿ ಕೀ ತೆಗೆದರೂ ಎಂಜಿನ್ ನಿಲ್ಲದೆ ಓಡುವುದುಂಟು. ದೆವ್ವ ಏನಲ್ಲ. ಆಲ್ಟರ್ನೇಟರ್‌ನ ಚಿಕ್ಕ ಟರ್ಮಿನಲ್‌ನಿಂದ ಕರೆಂಟ್ ಹಿಂದಕ್ಕೆ ಹರಿದು ಇಗ್ನಿಷನ್ ಕಾಯಿಲ್‌ಗೆ ಸಿಗುತ್ತಿರುತ್ತದೆ. ಆ ವೈರ್‌ನಲ್ಲಿ ಎಚ್ಚರಿಕೆ ದೀಪವೇ ಇಲ್ಲದೆ ನೇರ ಜೋಡಿಸಿದ್ದರೆ ಹೀಗಾಗುವುದು ಹೆಚ್ಚು. ಮಧ್ಯೆ ದೀಪ ಹಾಕಿ, ಅದಕ್ಕೂ ನಿಲ್ಲದಿದ್ದರೆ ಒಂದು ಡಯೋಡ್ ಸೇರಿಸಿ. ಡಯೋಡ್ ಮೈಮೇಲಿನ ಗೆರೆ ಆಲ್ಟರ್ನೇಟರ್ ಕಡೆಗೆ ಇರಲಿ. ನಾನು ಮೊದಲ ಸಲ ಉಲ್ಟಾ ಹಾಕಿ, ಚಾರ್ಜ್ ಯಾಕೆ ಆಗುತ್ತಿಲ್ಲ ಅಂತ ಮತ್ತೆ ಅರ್ತ್ ಪಟ್ಟಿ ಬಿಚ್ಚಲು ಕೂತಿದ್ದೆ.